ಫಂಗಸ್ ಹಿಡಿದ ಟೇಪು ಮತ್ತು ನಮ್ಮ ಸುರಂಗದ ಸಿನಿಮಾ

ನಮ್ಮ ಕಾಲೇಜು ದಿನಗಳ 11 ವಿಡಿಯೊ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಲು ಕೂತೆ, 9 ಪೂರ್ತಿಯಾಗಿ ಬಂದವು. ಒಂದು ಅರ್ಧ ಬಂತು. ಒಂದು ಇನ್ನೂ ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯಲ್ಲೇ ಇದೆ. "ಬಿಸಾಡು ಮಾರಾಯ, ಅದರಲ್ಲಿ ಇನ್ನೆಂತ ಉಂಟು" ಅಂದವರನ್ನೇ ಕರೆದು ಕೂರಿಸಿ ತೋರಿಸಿ ಆಯಿತು. ಆಮೇಲೇ ಇದನ್ನು ಬರೆಯಲು ಕೂತಿದ್ದೇನೆ. ಮಿನಿ ಡಿವಿ ಅನ್ನುವ ಸಣ್ಣ ಡಿಜಿಟಲ್ ವಿಡಿಯೊ ಕ್ಯಾಸೆಟ್ಟಿನ ಕಾಲದಲ್ಲಿ ಮದುವೆ ವಿಡಿಯೊ ಮಾಡಿದವರಿಗೆ, ಕಾಲೇಜಲ್ಲಿ ಕಿರುಚಿತ್ರ ಅಂತ ಓಡಾಡಿದವರಿಗೆ ಟೇಪು ಅಂದರೇನು ಅಂತ ನಾನು ಹೇಳಬೇಕಾಗಿಲ್ಲ.

2004ರಿಂದ 2006ರ ಒಳಗೆ, ಕಾಸರಗೋಡಿನಲ್ಲಿ ಡಿಗ್ರಿ ಓದುವಾಗ, ನಾವು ನಾಲ್ವರು ಸೇರಿ ಮೂರು ಚಿತ್ರ ಮಾಡಿದ್ದೆವು. ಒಂದು ಕೇರಳ ಗಡಿಯ ತಲಪಾಡಿ ದಾಟುವ ಬಸ್ಸಿನದ್ದು. ಟಿಕೆಟ್ ಕೊಡುತ್ತಾ ಕಂಡಕ್ಟರು ಕನ್ನಡ, ತುಳು, ಮಲಯಾಳ ಅಂತ ಸೀಟಿನಿಂದ ಸೀಟಿಗೆ ಭಾಷೆ ಬದಲಿಸುತ್ತಾ ಹೋಗುವುದು, ಅಷ್ಟೇ ಕಥೆ. ಇನ್ನೊಂದು ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವ ಹೊತ್ತಿನದ್ದು. ಮೂರನೆಯದು ಸುರಂಗದ್ದು. ನನಗೆ ಬೇಕಾಗಿದ್ದದ್ದು ಇದು.

ಪೆರ್ಲದ ಕಡೆಯ ಗುಡ್ಡದಲ್ಲಿ ಮುರಕಲ್ಲು ಕೊರೆದು ನೀರು ತರುವ ಸುರಂಗ ಎಲ್ಲರಿಗೂ ಗೊತ್ತಲ್ವಾ. ಅದನ್ನು ಕೊರೆಯುತ್ತಿದ್ದ ಒಬ್ಬ ಅಜ್ಜನನ್ನು ಹಿಡಿದು ಮೂರು ದಿನ ಶೂಟ್ ಮಾಡಿದೆವು. ಕ್ಯಾಮೆರಾ ಮದುವೆ ಸ್ಟುಡಿಯೊದ್ದು, ದಿನಕ್ಕೆ 500 ರೂಪಾಯಿ. ಟೇಪು ನಾಲ್ಕು, ಒಂದಕ್ಕೆ 130 ಇರಬೇಕು. ಎಡಿಟಿಂಗಿಗೆ 1,000. ಊಟ, ಬಸ್ಸು ಎಲ್ಲ ಸೇರಿ 800. ಒಟ್ಟು 3,800ರ ಆಸುಪಾಸು. ಆಗ ಅದು ನಮಗೆ ದೊಡ್ಡ ಮೊತ್ತ. ಒಬ್ಬನ ಮನೆಯಲ್ಲಿ ಅಡಿಕೆ ಹೆಕ್ಕಿದ ಕೂಲಿಯೂ ಅದರಲ್ಲಿ ಸೇರಿತ್ತು.

ಒಳಗೆ ಲೈಟ್ ಇಡುವುದು ಹೇಗೆ? ಕರೆಂಟಿಲ್ಲ, ಜನರೇಟರ್ ತರಲು ದುಡ್ಡಿಲ್ಲ. ಸುರಂಗದ ಬಾಯಿ ಪೂರ್ವಕ್ಕಿತ್ತು. ಮನೆಯಿಂದ ಎರಡು ನಿಲುವುಗನ್ನಡಿ ತಂದೆವು. ಒಂದನ್ನು ಹೊರಗೆ ಹಿಡಿದು ಬಿಸಿಲನ್ನು ಒಳಗೆ ಹೊಡೆಸಿದೆವು, ಇನ್ನೊಂದನ್ನು ತಿರುವಿನಲ್ಲಿ ನಿಲ್ಲಿಸಿ ಆ ಬೆಳಕನ್ನು ಅಜ್ಜನ ಮೇಲೆ ಬೀಳಿಸಿದೆವು. ಪ್ರತಿ ಐದು ನಿಮಿಷಕ್ಕೆ ಹೊರಗಿನ ಕನ್ನಡಿ ಸರಿಸಬೇಕು. ಬೆಳಿಗ್ಗೆ 8.30ರಿಂದ 10ರವರೆಗೆ ಮಾತ್ರ ಕೆಲಸ. ಇವತ್ತು ಎಲ್‌ಇಡಿ ಪ್ಯಾನೆಲ್ ಹಿಡಿದುಕೊಂಡು ಹೋಗುವ ಹುಡುಗರಿಗೆ ಆ ಬೆಳಕು ಸಿಗುವುದಿಲ್ಲ ಅಂತ ನಾನು ಈಗಲೂ ಹೇಳುತ್ತೇನೆ. ಒದ್ದೆ ಮುರಕಲ್ಲಿನ ಕೆಂಪು ಅಷ್ಟು ಚೆನ್ನಾಗಿ ಬಂದಿದೆ.

ನಾವು ಮಾಡಿದ ತಪ್ಪು ಡಬ್ಬಿಂಗ್. ಅಜ್ಜ ತುಳು, ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಿದ್ದರು. ಸ್ಪರ್ಧೆಗೆ ಕಳಿಸುವಾಗ ಇದು ಯಾರಿಗೂ ಅರ್ಥ ಆಗಲಿಕ್ಕಿಲ್ಲ ಅಂತ ಹಿರಿಯರೊಬ್ಬರು ಹೇಳಿದರು. ನಾವೂ ಹೌದು ಅಂತ ಒಪ್ಪಿದೆವು. ನಮ್ಮಲ್ಲೇ ಒಬ್ಬ ಪುಸ್ತಕದ ಕನ್ನಡದಲ್ಲಿ ಅಜ್ಜನ ಮಾತು ಹೇಳಿದ. ಅಜ್ಜನ ಧ್ವನಿ ಅಲ್ಲಿಗೆ ಹೋಯಿತು. ಉಳಿದದ್ದು ಒಂದು ವಿಸಿಡಿ. 352 ಬೈ 288ರ ಚಿತ್ರ, ಅದರ ಮೇಲೆ ಡಬ್ಬಿಂಗ್ ಧ್ವನಿ. ಅಜ್ಜ 2016ರಲ್ಲಿ ತೀರಿಕೊಂಡರು. ಅವರ ನಿಜವಾದ ಮಾತು ಇದ್ದದ್ದು ಆ ನಾಲ್ಕು ಟೇಪುಗಳಲ್ಲಿ ಮಾತ್ರ. ಟೇಪು ಇದ್ದದ್ದು ನನ್ನ ಮನೆಯ ಕಬ್ಬಿಣದ ಕಪಾಟಿನಲ್ಲಿ. ತೆಗೆದು ನೋಡಿದರೆ ಕ್ಯಾಸೆಟ್ಟಿನ ಪಾರದರ್ಶಕ ಕಿಂಡಿಯೊಳಗೆ ಬೆಳ್ಳಗೆ ಬೂಸ್ಟು.

ಇಲ್ಲಿ ಒಂದು ವಿಷಯ ಹೇಳಬೇಕು. 11ರಲ್ಲಿ ನಾಲ್ಕು ಟೇಪು, ಬಸ್ಸಿನ ಚಿತ್ರದವು, ನೀರ್ಚಾಲಿನ ಗೆಳೆಯನ ಮನೆಯ ಅಟ್ಟದಲ್ಲಿದ್ದವು. ಕೆಳಗೆ ಒಲೆ. ಮಳೆಗಾಲದಲ್ಲಿ ಕೊಪ್ಪರ, ಬೀಜ ಎಲ್ಲ ಇಡುವ ಜಾಗ. ಅವಕ್ಕೆ ಒಂದು ಚುಕ್ಕಿ ಫಂಗಸ್ ಇಲ್ಲ. ಪೆಟ್ಟಿಗೆಯ ಮೇಲೆ ಮಸಿ ಹಿಡಿದಿತ್ತು, ಒರೆಸಿದೆ, ಓಡಿದವು. ಜೋಪಾನ ಅಂತ ಬೀಗ ಹಾಕಿ ಕಪಾಟಿನಲ್ಲಿಟ್ಟ ನನ್ನ ಏಳು ಟೇಪಿಗೇ ಗತಿಗೆಟ್ಟಿತು. ನಮ್ಮ ಕಡೆಯ ಜೂನ್, ಜುಲೈ ತೇವಕ್ಕೆ ಗಾಳಿಯಾಡದ ಕಪಾಟು ವೈರಿ.

ಮೊದಲು ದೊಡ್ಡ ಊರಿನ ಒಂದು ಲ್ಯಾಬಿಗೆ ಎರಡು ಟೇಪು ಕಳಿಸಿದೆ. ಟೇಪಿಗೆ 2,500 ಅಂದಿದ್ದರು. 40 ದಿನ ಇಟ್ಟುಕೊಂಡು, ಓಡಿಸಿದರೆ ನಮ್ಮ ಮೆಷಿನ್ ಹಾಳಾಗುತ್ತದೆ ಅಂತ ವಾಪಸ್ ಕಳಿಸಿದರು. ಆಮೇಲೆ ನಾನೇ 4,500 ಕೊಟ್ಟು ಹಳೆಯ ಹ್ಯಾಂಡಿಕ್ಯಾಮ್ ತಗೊಂಡೆ. ಆತುರಕ್ಕೆ ಫಂಗಸ್ ಟೇಪನ್ನು ಹಾಗೇ ಒಳಗೆ ಹಾಕಿದೆ. ಎರಡು ನಿಮಿಷ ಚಿತ್ರ ಬಂತು. ಮತ್ತೆ ಪಟ್ಟೆ ಪಟ್ಟೆ, ಮತ್ತೆ ನೀಲಿ. ಟೇಪು ಓದುವ ಹೆಡ್ ಕೊಳೆಯಿಂದ ಮುಚ್ಚಿತು. ಇಯರ್‌ಬಡ್ಸಿನಿಂದ ಒರೆಸಲು ಹೋದೆ, ಹತ್ತಿಯ ಎಳೆ ಹೆಡ್ಡಿಗೆ ಸಿಕ್ಕಿತು. ಮುಗಿಯಿತು ಆ ಕ್ಯಾಮೆರಾ. ಇಯರ್‌ಬಡ್ಸ್ ಬೇಡವೇ ಬೇಡ. ತೆಳು ಮೆದು ಚರ್ಮದ ಸ್ವಾಬ್, 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್, ಅಡ್ಡಡ್ಡಕ್ಕೆ ಮಾತ್ರ. ಸ್ವಾಬನ್ನು ಹಾಗೇ ಒತ್ತಿ ಹಿಡಿದು ಹೆಡ್ ಇರುವ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ. ಮೇಲೆ ಕೆಳಗೆ ಒರೆಸಿದರೆ ಹೆಡ್ ಮುರಿಯುತ್ತದೆ.

ಎರಡನೇ ಸೋಲು ಇನ್ನೂ ಬೇಸರದ್ದು. ಟೇಪಿನ ಮೇಲೆಯೇ ಐಸೊಪ್ರೊಪೈಲ್ ಹಚ್ಚಿ ಒರೆಸಿದೆ. ಅದು ಕಾಲು ಇಂಚು ಅಗಲದ, ಕೂದಲಿಗಿಂತ ತೆಳುವಾದ ಸರಕು. ಗೆರೆ ಬಿತ್ತು. ಚೌಕಿ ಚಿತ್ರದಲ್ಲಿ ಸುಮಾರು ನಾಲ್ಕು ನಿಮಿಷ ಶಾಶ್ವತವಾಗಿ ಹೋಯಿತು. ಕಿರೀಟ ಕಟ್ಟುವ ಭಾಗ. ಈಗ ನೆನೆದರೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಒಂದು ಮಳೆಗಾಲ ಏನೂ ಮುಟ್ಟಲಿಲ್ಲ. ಯೋಚನೆ ಬಂದದ್ದು ಅಂಗಳದಲ್ಲಿ ಅಡಿಕೆ ನೋಡುವಾಗ. ಹಸಿಯಾಗಿರುವಾಗ ಸುಲಿಯಲು ಹೋದರೆ ಅಂಟುತ್ತದೆ, ಒಣಗಿದ ಮೇಲೆ ಸಿಪ್ಪೆ ಸುಲಭದಲ್ಲಿ ಬಿಡುತ್ತದೆ. ಫಂಗಸ್ಸೂ ಹಾಗೆಯೇ. ಒಣಗಿದರೆ ಪುಡಿ, ಹಸಿ ಇದ್ದರೆ ಅಂಟು. ಅಕ್ಕಿ ಹಾಕುವ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಂದು ಕಿಲೊ ನೀಲಿ ಸಿಲಿಕಾ ಜೆಲ್, ಒಳಗೆ ಗಾಳಿಯ ತೇವ ಅಳೆಯುವ 350 ರೂಪಾಯಿಯ ಸಣ್ಣ ಹೈಗ್ರೋಮೀಟರ್. ಮೊದಲ ದಿನ 84 ಪರ್ಸೆಂಟ್ ತೋರಿಸಿತು. ಜೆಲ್ ಗುಲಾಬಿಯಾದಾಗ ತೆಗೆದು ಬಾಣಲೆಯಲ್ಲಿ ಹುರಿದು ನೀಲಿ ಮಾಡಿ ಮತ್ತೆ ಇಡುವುದು. ಆ ಬಾಣಲೆಯನ್ನು ಅಡುಗೆಗೆ ವಾಪಸ್ ಕೊಡಬೇಡಿ, ಬೇರೆಯೇ ಇಡಿ. ಮೂರೂವರೆ ವಾರದಲ್ಲಿ 40ಕ್ಕೆ ಇಳಿಯಿತು. ಟೇಪಿಗೆ ಮಾತ್ರ ಬಿಸಿ ತಾಗಿಸಬಾರದು. ಹಳೆಯ ಆಡಿಯೊ ಟೇಪನ್ನು ಬೇಕ್ ಮಾಡುತ್ತಾರೆ ಅಂತ ಕೇಳಿ ಇದಕ್ಕೂ ಮಾಡಲು ಹೋಗಬೇಡಿ. ಅದು ಬೇರೆ ರೋಗಕ್ಕೆ ಬೇರೆ ಮದ್ದು.

ಒಣಗಿದ ಮೇಲೆ ಹೊರಗೆ ಜಗಲಿಯಲ್ಲಿ ಕೂತು, ಮಾಸ್ಕ್ ಹಾಕಿ, ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿದೆ. ಸುರುಳಿಯ ಅಂಚಿನ ಪುಡಿಯನ್ನು ಮೆದು ಬ್ರಶ್ಶಿನಿಂದ ಉದುರಿಸಿದೆ. ಆಮೇಲೆ ಕೈಯಲ್ಲಿ ತಿರುಗಿಸುವ ಒಂದು ಹಲಗೆ ಮಾಡಿದೆ. ಆ ಕಡೆ ಒಂದು ರೀಲು, ಈ ಕಡೆ ಒಂದು, ನಡುವೆ ಟೇಪಿನ ಎರಡೂ ಮುಖಕ್ಕೆ ತಾಗುವ ಒಣ ಪ್ಯಾಡು. 60 ನಿಮಿಷದ ಟೇಪು 65 ಮೀಟರಿನ ಹತ್ತಿರ ಇರುತ್ತದೆ. ಒಂದು ಸಲ ಎಳೆಯಲು ನನಗೆ ಮುಕ್ಕಾಲು ಗಂಟೆ ಬೇಕಾಯಿತು. ಆ ಪ್ಯಾಡು ಯಾವ ಬಟ್ಟೆ ಅಂತ ಮಾತ್ರ ಕೇಳಬೇಡಿ. ಎಂಟು ಹತ್ತು ಬಗೆ ನೋಡಿ, ಟೇಪು ಹಾಳುಮಾಡಿಕೊಂಡು ಕಲಿತದ್ದು. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬಟ್ಟೆ ಅಂಗಡಿಯಲ್ಲಿ ಸಿಗುವುದಲ್ಲ ಅಂತ ಮಾತ್ರ ಹೇಳುತ್ತೇನೆ.

ರೀಲನ್ನು ಹೊಸ ಖಾಲಿ ಟೇಪಿನ ಕ್ಯಾಸೆಟ್ಟಿಗೆ ಕೂರಿಸಿದೆ. ಹಳೆಯ ಕವಚದಲ್ಲಿ ಫಂಗಸ್ಸಿನ ಬೀಜ ಇದ್ದೇ ಇರುತ್ತದೆ, ಅದನ್ನು ಮತ್ತೆ ಬಳಸಬೇಡಿ. ಆಮೇಲೆ ಎರಡು ಕ್ಯಾಮೆರಾ. 6,500ರದ್ದು ಒಂದು, ಅದು ಕೊಳೆ ತಿನ್ನಲಿಕ್ಕೆ. ಟೇಪನ್ನು ಮೊದಲು ಅದರಲ್ಲಿ ಒಮ್ಮೆ ಪೂರ್ತಿ ಮುಂದೆ, ಪೂರ್ತಿ ಹಿಂದೆ, ಮತ್ತೆ ಒಂದು ಸಲ ಪ್ಲೇ. 9,000ದ್ದು ಇನ್ನೊಂದು, ಅದು ಕ್ಯಾಪ್ಚರಿಗೆ, ಅಂದರೆ ಟೇಪನ್ನು ಕಂಪ್ಯೂಟರಿಗೆ ಇಳಿಸಲಿಕ್ಕೆ ಮಾತ್ರ. ಇಂಥ ಕ್ಯಾಮೆರಾ ಇನ್ನೂ ಎಲ್ಲಿ ಸಿಗುತ್ತದೆ ಅನ್ನುವುದೂ ನನ್ನ ಹತ್ತಿರವೇ ಇರಲಿ. ಅಲ್ಲಿ ಉಳಿದಿರುವುದೇ ಮೂರೋ ನಾಲ್ಕೋ.

ಇನ್ನು ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಅನ್ನುವ ಕೇಬಲಿನ ವಿಷಯ. ಕ್ಯಾಮೆರಾದ ಯುಎಸ್‌ಬಿ ಕಿಂಡಿಯಿಂದ ತೆಗೆಯಬಹುದಲ್ವಾ ಅಂತ ತುಂಬಾ ಜನ ಕೇಳಿದರು. ಆ ಕಾಲದ ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು ಫೋಟೊ ತೆಗೆಯಲು, ವೆಬ್‌ಕ್ಯಾಮ್ ಆಗಿಸಲು ಇದ್ದದ್ದು. ಟೇಪಿನ ಡೇಟಾ ಹಾಗೇ ಬರಬೇಕಾದರೆ ಫೈರ್‌ವೈರೇ ಬೇಕು. ಹಳೆಯ ಡೆಸ್ಕ್‌ಟಾಪು ಗೆಳೆಯ ಸುಮ್ನೆ ಕೊಟ್ಟ. ಕಾರ್ಡು 800 ರೂಪಾಯಿ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವುದನ್ನೇ ಹುಡುಕಿ ತಗೊಂಡೆ. ಲಿನಕ್ಸ್ ಹಾಕಿ ಡಿವಿಗ್ರ್ಯಾಬ್ ಅನ್ನುವ ಸಾಫ್ಟ್‌ವೇರಿನಲ್ಲಿ ಎಳೆದೆ. ಗಂಟೆಗೆ 13 ಜಿಬಿ ಆಗುತ್ತದೆ.

ನಿಜವಾದ ಗೆಲುವು ಬಂದದ್ದು ಇಲ್ಲಿ. ಒಂದು ಸಲ ಓಡಿಸಿದಾಗ ಚಿತ್ರದಲ್ಲಿ ಚೌಕ ಚೌಕ ಒಡೆಯುತ್ತಿತ್ತು. ಎರಡನೇ ಸಲವೂ ಒಡೆಯಿತು, ಆದರೆ ಬೇರೆ ಜಾಗದಲ್ಲಿ. ಅಂದರೆ ಮೊದಲ ಸಲ ಹಾಳಾದ ಫ್ರೇಮು ಎರಡನೇ ಸಲ ಚೆನ್ನಾಗಿತ್ತು! ಹಾಗಾದರೆ ಆರು ಸಲ ಓಡಿಸಿದರೆ? ಪ್ರತಿ ಸಲ ಹೆಡ್ ಒರೆಸಿ ಆರು ಸಲ ಓಡಿಸಿದೆ. ಮೊದಲ ಟೇಪಿಗೆ ಟೈಮ್‌ಲೈನಿನಲ್ಲಿ ಒಂದರ ಮೇಲೊಂದು ಇಟ್ಟು ಕೈಯಲ್ಲೇ ಒಳ್ಳೆಯ ಫ್ರೇಮುಗಳನ್ನು ಹೆಕ್ಕಿದೆ. 11 ರಾತ್ರಿ ಹಿಡಿಯಿತು. ಆಮೇಲೆ ಡಿವಿ ರೆಸ್ಕ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ಇದೇ ಕೆಲಸ ಮಾಡುತ್ತದೆ ಅಂತ ಗೊತ್ತಾಯಿತು. ಹಲವು ಕ್ಯಾಪ್ಚರುಗಳಿಂದ ಒಳ್ಳೆಯದನ್ನು ಆರಿಸಿ ಒಂದೇ ಫೈಲು ಮಾಡಿ ಕೊಡುತ್ತದೆ. ಕೈಯಲ್ಲಿ ಮಾಡಿದ್ದೂ ಅದು ಮಾಡಿದ್ದೂ ಹೋಲಿಸಿ ನೋಡಿದೆ. ನನ್ನದು ಕಡಿಮೆಯೇನೂ ಇರಲಿಲ್ಲ.

ಡಿವಿ ಟೇಪಿನಲ್ಲಿ ಶೂಟಿಂಗಿನ ತಾರೀಕು, ಗಂಟೆಯೂ ದಾಖಲಾಗಿರುತ್ತದೆ. ಸ್ಟುಡಿಯೊದ ಅಣ್ಣ ಗಡಿಯಾರ ಸರಿಯಾಗಿ ಇಟ್ಟಿದ್ದರು. ನಾವು ನಾಲ್ವರೂ ಸುರಂಗದ ಚಿತ್ರ ಏಪ್ರಿಲ್ ರಜೆಯಲ್ಲಿ ಮಾಡಿದ್ದು ಅಂತ ವಾದಿಸುತ್ತಿದ್ದೆವು. ನೋಡಿದರೆ 2005ರ ಡಿಸೆಂಬರ್, ಬೆಳಿಗ್ಗೆ 8.47. ಅಜ್ಜ ಮಫ್ಲರ್ ಸುತ್ತಿದ್ದು ಯಾಕೆ ಅಂತ ಆಗ ಅರ್ಥವಾಯಿತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ವಿಸಿಡಿಯನ್ನು ಐದು ಡ್ರೈವಿಗೆ ಹಾಕಿ ನೋಡಿದೆ, ಒಂದು ಡ್ರೈವು ಮಾತ್ರ ಕೊನೆಯವರೆಗೆ ಓದಿತು. ಡಬ್ಬಿಂಗ್ ಆವೃತ್ತಿಯೂ ಇರಲಿ ಅಂತ ತೆಗೆದಿಟ್ಟೆ. ಎಐನಲ್ಲಿ ದೊಡ್ಡದು ಮಾಡಿಸಿಯೂ ನೋಡಿದೆ. ಅಜ್ಜನ ಮುಖದ ಸುಕ್ಕೆಲ್ಲ ಮಾಯವಾಗಿ ಮೇಣದ ಗೊಂಬೆಯ ಹಾಗಾಯಿತು. ಬಸ್ಸಿನ ಕನ್ನಡ ಬೋರ್ಡಿನಲ್ಲಿ 'ಕುಂಬಳೆ' ಅಂತ ಇದ್ದದ್ದು ಯಾವ ಲಿಪಿಯೂ ಅಲ್ಲದ ಗೀಟುಗಳಾದವು. ಅಳಿಸಿ ಹಾಕಿದೆ. 720 ಬೈ 576 ಇದ್ದದ್ದು ಹಾಗೇ ಇರಲಿ. ಟೇಪಿನ ಪ್ರತಿ ಫ್ರೇಮು ಗೆರೆ ಬಿಟ್ಟು ಗೆರೆಯ ಎರಡು ಅರ್ಧ ಚಿತ್ರ, ಅಂದರೆ ಫೀಲ್ಡ್, ಆಗಿರುತ್ತದೆ. ಅದನ್ನು ಸರಿಮಾಡುವ ಡಿಇಂಟರ್‌ಲೇಸ್ ಒಂದು ಮಾಡಿದೆ, ಅದೂ ಮೊದಲು ಯಾವ ಫೀಲ್ಡ್ ಮುಂದೆ ಅನ್ನುವ ಕ್ರಮ ತಪ್ಪಾಗಿ. ಅಜ್ಜ ಪಿಕ್ಕಾಸು ಎತ್ತುವಾಗ ಕೈ ಹಿಂದೆ ಮುಂದೆ ನಡುಗುತ್ತಿತ್ತು. ನಮ್ಮ ದೇಶದಲ್ಲಿ ಬಳಸುತ್ತಿದ್ದ ಪಾಲ್ ಮಾದರಿಯ ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು. ಅದನ್ನು ಸರಿ ಮಾಡಿದ ಕೂಡಲೇ ನೀರಿನ ಹಾಗೆ ಓಡಿತು.

ಮತ್ತೆ ಧ್ವನಿ. ಕ್ಯಾಮೆರಾದ ಮೈಕಿನಲ್ಲೇ ಬಂದದ್ದು, ಬೇರೆ ಮೈಕು ನಮ್ಮಲ್ಲಿ ಎಲ್ಲಿತ್ತು? ಆದರೂ ಸುರಂಗದ ಒಳಗೆ ಗಾಳಿಯ ಸದ್ದಿಲ್ಲ, ವಾಹನವಿಲ್ಲ. ಪಿಕ್ಕಾಸಿನ ಪೆಟ್ಟು, ನೀರು ತೊಟ್ಟಿಕ್ಕುವುದು, ಅಜ್ಜನ ಮಾತು. ಮೋಂಬತ್ತಿ ನಂದಿದರೆ ಹೊರಗೆ ಓಡಬೇಕು, ಗಾಳಿ ಇಲ್ಲ ಅಂತ ಅರ್ಥ, ಅಂತ ಅವರು ಹೇಳುವುದು ಎಷ್ಟು ಸ್ಪಷ್ಟ ಕೇಳುತ್ತದೆ! ಚಿತ್ರವನ್ನು ಹೊಸದಾಗಿ ಎಡಿಟ್ ಮಾಡಿದೆ, 14 ನಿಮಿಷ. ಡಬ್ಬಿಂಗ್ ಪೂರ್ತಿ ಕಿತ್ತು ಹಾಕಿದೆ. ತುಳು ಬರುವಲ್ಲಿ ಕೆಳಗೆ ಕನ್ನಡ ಅಕ್ಷರ ಕೊಟ್ಟೆ. ನಾಯ್ಸ್ ತೆಗೆಯುವಾಗ ಮಾತಿನ ನಡುವಿನ ಕೆಮ್ಮನ್ನೂ ತೆಗೆದಿದ್ದೆ. ತೋರಿಸುವ ಮೊದಲು ಅಜ್ಜನ ಮಗಳಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಮರುದಿನ ಫೋನ್ ಬಂತು. "ಅಣ್ಣಾ, ಅಪ್ಪ ಹೀಗೆ ಒಂದೇ ಉಸಿರಿಗೆ ಮಾತಾಡ್ತಾ ಇರ್ಲಿಲ್ಲ. ಕೆಮ್ಮು ಎಲ್ಲಿ ಹೋಯ್ತು?" ಆ ರಾತ್ರಿಯೇ ಕೂತು ಎಲ್ಲ ಕೆಮ್ಮನ್ನೂ ವಾಪಸ್ ಹಾಕಿದೆ.

ಖರ್ಚು ಲೆಕ್ಕ ಹಾಕಿದರೆ ಮೂರು ಕ್ಯಾಮೆರಾ 20,000, ಉಳಿದದ್ದೆಲ್ಲ ಸೇರಿ ನಾಲ್ಕು ಸಾವಿರದ ಮೇಲೆ. 24,000 ಅಂತ ಇಟ್ಟುಕೊಳ್ಳಿ. ಲ್ಯಾಬಿನವರು ಎಲ್ಲವನ್ನೂ ಮಾಡಿಕೊಟ್ಟಿದ್ದರೆ 27,500 ಆಗುತ್ತಿತ್ತು. ಅವರು ಆಗುವುದಿಲ್ಲ ಅಂದದ್ದನ್ನು ನಾನು ಜಗಲಿಯಲ್ಲಿ ಮಾಡಿದೆ. ಕ್ಯಾಮೆರಾ ಎರಡು ಇನ್ನೂ ಓಡುತ್ತವೆ. ಬದಿಯಡ್ಕದ ಒಬ್ಬರು ತಮ್ಮ ಮದುವೆ ಟೇಪು ತಂದು ಕೊಟ್ಟಿದ್ದಾರೆ, ಅದು ಎರಡನೇ ವಾರದ ಒಣಗಿನಲ್ಲಿದೆ.

ಅದೇ ಡಬ್ಬಿಯಲ್ಲಿ ನಮ್ಮ ಹನ್ನೊಂದನೆಯದೂ ಇದೆ. ಚೌಕಿ ಚಿತ್ರದ್ದು. ಸುರುಳಿ ಒಂದಕ್ಕೊಂದು ಅಂಟಿ ಕಲ್ಲಿನ ಹಾಗಾಗಿದೆ. ಎರಡು ಸಲ ಬಿಡಿಸಲು ನೋಡಿದೆ, ಹರಿಯುವ ಲಕ್ಷಣ ಕಂಡು ನಿಲ್ಲಿಸಿದೆ. ನಿನ್ನೆ ಹೈಗ್ರೋಮೀಟರ್ 36 ತೋರಿಸುತ್ತಿತ್ತು. 30ಕ್ಕೆ ಇಳಿದ ಮೇಲೆ ಇನ್ನೊಮ್ಮೆ ಕೈ ಹಾಕುತ್ತೇನೆ.