ಲೈಟ್ ಇರೋ ಭೂತಗನ್ನಡಿ ತಗೊಳೋಕೆ ಹೋಗ್ತೀರಾ? ಡೈರಿ ಚೀಟಿ ಜೇಬಲ್ಲಿಟ್ಕೊಳಿ

ನಮ್ಮಪ್ಪಂಗೆ ಶುಗರಿಂದ ರೆಟಿನಾ ಹಾಳಾಗಿ ಕನ್ನಡಕ ಎಷ್ಟ್ ಬದ್ಲಾಯಿಸಿದ್ರೂ ಹಾಲಿನ ಡೈರೀಲಿ ಕೊಡೋ ಚೀಟಿ ಓದೋಕಾಗ್ತಿರ್ಲಿಲ್ಲ. ಕೋಲಾರದ ಕಡೆ ಹಸು ಕಟ್ಟಿರೋರಿಗೆ ಗೊತ್ತು, ಹಾಲಲ್ಲಿ ಫ್ಯಾಟು (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟ್ ಬಂತು ಅಂತ ತಾವೇ ನೋಡ್ಕೊಂಡ್ರೇನೆ ಸಮಾಧಾನ, ಮಗ ಓದಿ ಹೇಳಿದ್ರೆ ನಂಬ್ಕೆ ಇಲ್ಲ. ನಾನು ಆನ್‌ಲೈನಲ್ಲಿ 30ಎಕ್ಸ್ (ಅಂದ್ರೆ 30 ಪಟ್ಟು ದೊಡ್ಡದಾಗಿ ಕಾಣುತ್ತೆ) ಅಂತ ಬರ್ದಿರೋ ಅಂಗೈ ಅಗಲದ ಭೂತಗನ್ನಡಿ ತರಿಸ್ದೆ, ದುಡ್ಡು ದಂಡ.

ವಿಷ್ಯ ಏನಪ್ಪಾ ಅಂದ್ರೆ ಪವರ್ ಜಾಸ್ತಿ ಆದಷ್ಟೂ ಗಾಜು ಚಿಕ್ಕದಾಗುತ್ತೆ, ಒಂದ್ಸಲಕ್ಕೆ ಕಾಣೋ ಅಕ್ಷರಾನೂ ಕಮ್ಮಿ ಆಗುತ್ತೆ. ಎಕ್ಸ್ ನಂಬ್ಬೇಡಿ, ಡಯಾಪ್ಟರ್ (ಗಾಜಿನ ಪವರ್ ಅಳೆಯೋ ಲೆಕ್ಕ) ಎಷ್ಟು ಅಂತ ಕೇಳಿ. ಅದನ್ನ 4ರಿಂದ ಭಾಗ ಮಾಡಿದ್ರೆ ಎಷ್ಟು ಪಟ್ಟು ಅಂತ ಬರುತ್ತೆ (ಕೆಲವು ಕಂಪ್ನಿಯೋರು ಇದಕ್ಕೆ 1 ಕೂಡಿಸಿ ಬರ್ಕೊಳ್ತಾರೆ, ಅದೇ ಗಾಜು 3ಎಕ್ಸ್ ಹೋಗಿ 4ಎಕ್ಸ್!). 100ನ್ನ ಡಯಾಪ್ಟರಿಂದ ಭಾಗ ಮಾಡಿದ್ರೆ ಕಾಗದದಿಂದ ಎಷ್ಟು ಸೆಂಟಿಮೀಟರ್ ಮೇಲೆ ಹಿಡೀಬೇಕು ಅನ್ನೋದು. 12 ಡಯಾಪ್ಟರ್ ಅಂದ್ರೆ 3 ಪಟ್ಟು, 8 ಸೆಂಟಿಮೀಟರ್. 20 ಅಂದ್ರೆ 5 ಪಟ್ಟು, 5 ಸೆಂಟಿಮೀಟರ್. ನಿಜವಾದ 30ಎಕ್ಸ್ ಆಗಿದ್ರೆ ಒಂದು ಸೆಂಟಿಮೀಟರೂ ದೂರ ಇರಲ್ಲ, ಅಂಗೈ ಅಗಲದ ಗಾಜಲ್ಲಿ ಅದು ಆಗೋ ಮಾತಾ?

ಅದಕ್ಕೆ ಓದಬೇಕಾಗಿರೋ ಕಾಗದಾನೇ ಅಂಗಡಿಗೆ ತಗೊಂಡ್ಹೋಗಿ, ಅಪ್ಪನ್ನೂ ಕರ್ಕೊಂಡ್ಹೋಗಿ. ಭೂತಗನ್ನಡೀನ ಚೀಟಿ ಮೇಲಿಟ್ಟು ನಿಧಾನಕ್ಕೆ ಎತ್ತಿಸಿ, ಅಕ್ಷರ ದೊಡ್ಡದಾಗ್ತಾ ಆಗ್ತಾ ಮಸುಕಾಗೋಕೆ ಸ್ವಲ್ಪ ಮುಂಚೆ ನಿಲ್ಸೋದು. ನಮಗೆ ಪರೀಕ್ಷೆ ಅಂದ್ರೆ ಚೀಟೀಲಿರೋ ಎಸ್‌ಎನ್‌ಎಫ್ 8.3ಕ್ಕೂ 8.8ಕ್ಕೂ ವ್ಯತ್ಯಾಸ ಗೊತ್ತಾಗ್ಬೇಕು ಅಷ್ಟೆ, 3 ಮತ್ತೆ 8 ಎರಡೂ ಒಂದೇ ಥರ ಕಾಣ್ತಿದ್ರೆ ಆ ಗಾಜು ಬೇಡ. ಗೊತ್ತಾಗೋದ್ರಲ್ಲಿ ಯಾವುದು ಕಮ್ಮಿ ಪವರ್ರೋ ಅದನ್ನೇ ತಗೊಳಿ. ಕಾಣೋ ಜಾಗ ಚಿಕ್ಕದು ಅನ್ಸಿದ್ರೆ ಕಾಗದ, ಗಾಜು ಎರಡೂ ಒಟ್ಟಿಗೆ ಕಣ್ ಹತ್ರ ತರ್ಬೇಕು. ನಮ್ಮಪ್ಪ ಒಪ್ಪೋಕೆ ಒಂದು ವಾರ ಆಯ್ತು.

ಲೈಟ್ ವಿಷ್ಯಕ್ಕೆ ಬಂದ್ರೆ ಬಿಳಿ, ಹಳದಿ ಎರಡೂ ಹಾಕಿ ನೋಡಿ. ಪೊರೆ ಇರೋರಿಗೆ ಬಿಳಿ ಲೈಟು ಕಣ್ ಕುಕ್ಕುತ್ತೆ, ಹಳದಿ ಹಿತ ಅಂತಾರೆ ಸುಮಾರು ಜನ. ಮಾತ್ರೆ ಶೀಟಿನ ಮೇಲೆ ಇಂಕಿಲ್ದೆ ಒತ್ತಿರೋ ಎಕ್ಸ್‌ಪೈರಿ ಡೇಟ್ ಇರುತ್ತಲ್ಲ, ಅದಕ್ಕೆ ಲೈಟ್ ನೇರ ಬಿದ್ರೆ ಬರೀ ಹೊಳಪೇ ಕಾಣೋದು, ಲೈಟ್ ಆಫ್ ಮಾಡಿ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದ್ರೆ ಓದ್ಬೋದು. ಸ್ವಿಚ್ ಒತ್ತಿ ಹಿಡ್ಕೊಂಡೇ ಇರ್ಬೇಕಾದ್ದು ಬೇಡ, ಬೆರಳು ನೋಯುತ್ತೆ. ಟಿವಿ ರಿಮೋಟಿಗೆ ಹಾಕೋ ಸೆಲ್ಲೇ ಹಿಡಿಸಿದ್ರೆ ಒಳ್ಳೇದು, ಗುಂಡಿ ಸೆಲ್ಲು ನಮ್ಮೂರಂಗಡೀಲಿ ಎಲ್ಲಿ ಸಿಗುತ್ತೆ?

ಕೈ ನಡುಗೋರಿಗೆ ಕೈಯಲ್ಲಿ ಹಿಡಿಯೋದೇ ಬೇಡ, ಕಾಗದದ ಮೇಲೆ ಕೂರೋ ಸ್ಟ್ಯಾಂಡ್ ಇರೋದು ನೋಡಿ. ನೋಟ ತೀರಾ ಕಮ್ಮಿ ಇದ್ರೆ ಬೆಂಗ್ಳೂರಿನ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಲೋ ವಿಷನ್ ಕ್ಲಿನಿಕ್ ಇರುತ್ತೆ, ಪವರ್ ಅಲ್ಲೇ ಅಳೆದು ಹೇಳ್ತಾರೆ, ದುಡ್ಡು ಹಾಕೋಕೆ ಮುಂಚೆ ಅಲ್ಲಿಗೆ ಹೋಗೋದೇ ಸರಿ.

ಗಾಜು ಅಂತೀವಿ, ಆದ್ರೆ ಬಹಳಷ್ಟು ಪ್ಲಾಸ್ಟಿಕ್ಕೇ. ಟವೆಲ್ ತುದೀಲಿ ಒಣಗ್ಲೇ ಉಜ್ಜಿದ್ರೆ ಗೀರು ಬೀಳುತ್ತೆ, ಒದ್ದೆ ಮೆತ್ತನೆ ಬಟ್ಟೇಲಿ ಒರೆಸಿ. ಓದಿ ಆದ್ಮೇಲೆ ಜಗಲಿ ಬಿಸಿಲಲ್ಲಿ ಪೇಪರ್ ಮೇಲೆ ಬಿಟ್ಟು ಎದ್ದೋಗ್ಬೇಡಿ, ಬೆಂಕಿ ಹತ್ಕೊಳುತ್ತೆ.