ಹೂ ಕಟ್ಟುವ ನೂಲಿನಿಂದ ಜಗತ್ತಿನ ರಾಜಕೀಯ ಅಳೆಯುವುದು

ದೇಶಗಳ ರಾಜಕೀಯ ಅರಿಯಲು ಹಡಗುಗಳ ದಾರಿ ಅಳೆದು ನೋಡಿ. ಅದಕ್ಕೆ ಗೋಡೆಯ ನಕ್ಷೆ ಬೇಡ. ದುಂಡಗಿನ ಭೂಮಿಯನ್ನು ಚಪ್ಪಟೆಯಾಗಿ ಹರಡುವ ಮರ್ಕೇಟರ್ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ; ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ 30 ಸೆಂ.ಮೀ. ವ್ಯಾಸದ ಗ್ಲೋಬ್ ಹುಡುಕಿ, ಜತೆಗೊಂದು ಉಂಡೆ ಹೂ ಕಟ್ಟುವ ನೂಲು. ಈ ಗ್ಲೋಬ್ ಮೇಲೆ 1 ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ.

ಮುಂಬೈಯಿಂದ ನೆದರ್‌ಲ್ಯಾಂಡ್ಸ್‌ನ ಬಂದರಾದ ರಾಟರ್‌ಡ್ಯಾಮ್‌ಗೆ ನೂಲನ್ನು ನೀರಿನ ಮೇಲೆಯೇ ಹಾಯಿಸಿ. ಈಜಿಪ್ಟ್‌ನ ಸೂಯೆಜ್ ಕಾಲುವೆ ಮೂಲಕ 28 ಸೆಂ.ಮೀ. ಆಸುಪಾಸು, ಆಫ್ರಿಕಾ ಸುತ್ತಿದರೆ 47. ಜಗ್ಗಿ ಎಳೆದರೆ ನೂಲು ನೆಲ ಹತ್ತಿ ಲೆಕ್ಕ ತಪ್ಪುತ್ತದೆ, ತಿರುವುಗಳಿಗೆ ಟೇಪು ಅಂಟಿಸಿ.

ಈಗ ನೂಲು ಇಕ್ಕಟ್ಟಾಗುವ ಕಡೆ ಕೆಂಪು ಚುಕ್ಕಿ ಇಡಿ: ಬಾಬ್ ಎಲ್ ಮಂದೇಬ್ (ಕೆಂಪು ಸಮುದ್ರದ ದಕ್ಷಿಣದ ಬಾಗಿಲು), ಸೂಯೆಜ್, ಜಿಬ್ರಾಲ್ಟರ್ (ಮೆಡಿಟರೇನಿಯನ್ ಸಮುದ್ರದ ಪಶ್ಚಿಮದ ಬಾಗಿಲು). ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವವರಿಗೆ ಇದನ್ನು ವಿವರಿಸಬೇಕಿಲ್ಲ. 2021ರ ಮಾರ್ಚ್‌ನಲ್ಲಿ 400 ಮೀಟರ್ ಉದ್ದದ ‘ಎವರ್ ಗಿವನ್’ ಹಡಗು ಅಡ್ಡ ಸಿಕ್ಕಿಕೊಂಡು ಸೂಯೆಜ್ 6 ದಿನ ಬಂದ್ ಆಗಿತ್ತು.

ಅಗಲ ನೋಡಿ ಮೋಸಹೋಗಬೇಡಿ. ಈ ನೂಲಿನ ದಾರಿಯಲ್ಲಿಲ್ಲದಿದ್ದರೂ ಪರ್ಷಿಯನ್ ಕೊಲ್ಲಿಯ ಬಾಯಿಯಲ್ಲಿರುವ ಹಾರ್ಮುಜ್ ಜಲಸಂಧಿಗೂ ಒಂದು ಚುಕ್ಕಿ ಇಡಿ. ಅದು ಅತಿ ಕಿರಿದಾದಲ್ಲೂ 30 ಕಿ.ಮೀ. ಮೀರುತ್ತದೆ, ಆದರೆ ಹಡಗುಗಳಿಗೆ ಗುರುತಿಸಿದ ಪಥ ಒಂದೊಂದು ದಿಕ್ಕಿಗೂ ಸುಮಾರು 3 ಕಿ.ಮೀ. ಅಷ್ಟೇ. ಪ್ರತಿ ಚುಕ್ಕಿಯ ಎರಡೂ ದಡ ಯಾರದೆಂದು ಬರೆಯಿರಿ: ಹಾರ್ಮುಜ್‌ನಲ್ಲಿ ಉತ್ತರಕ್ಕೆ ಇರಾನ್, ದಕ್ಷಿಣಕ್ಕೆ ಒಮಾನ್. ಪತ್ರಿಕೆಯ ವಿದೇಶ ಪುಟವನ್ನು ಆಮೇಲೆ ತೆರೆಯಿರಿ.