ಕಾಮೆಂಟ್ ಉಳಿಸಿಕೊಂಡೆ, ಏಳೂಮುಕ್ಕಾಲು ಲಕ್ಷ ಉಳಿಯಿತು

2003ರ ಆಗಸ್ಟ್. ಎಸ್‌ಸಿಓ ಕಂಪನಿ ಐಬಿಎಂ ಮೇಲೆ ಕೇಸು ಹಾಕಿ ಐದು ತಿಂಗಳಾಗಿತ್ತು. ಲಿನಕ್ಸ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಂನಲ್ಲಿ ತನ್ನ ಹಳೇ ಆಪರೇಟಿಂಗ್ ಸಿಸ್ಟಂ ಯುನಿಕ್ಸ್‌ನ ಕೋಡ್ ಇದೆ ಅಂತ, ಲಿನಕ್ಸ್ ಬಳಸುವವರಿಗೂ ಲೈಸೆನ್ಸ್ ದರ ಕಟ್ಟಿತು. ಸರ್ವರ್‌ನ ಒಂದು ಸಿಪಿಯುಗೆ 699 ಡಾಲರ್, ಅಕ್ಟೋಬರ್ ಮಧ್ಯದಿಂದ 1399.

ನಾನಾಗ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಸಿಸ್ಟಂ ಅಡ್ಮಿನ್. 12 ಲಿನಕ್ಸ್ ಸರ್ವರ್, ಎರಡೆರಡು ಸಿಪಿಯು. 699ರ ಲೆಕ್ಕದಲ್ಲೇ, ಆಗಿನ ಡಾಲರ್ ರೇಟಿಗೆ ಏಳೂಮುಕ್ಕಾಲು ಲಕ್ಷ ರೂಪಾಯಿಯ ಹತ್ತಿರ. ಅಮೆರಿಕದ ಗಿರಾಕಿ ಪತ್ರಿಕೆ ಓದಿ ಹೆದರಿದ್ದ. ಕಟ್ಟಿ ಕೈತೊಳೆದುಕೊಳ್ಳೋಣ ಅಂತ ನಮ್ಮ ಬಾಸ್.

"ಸರ್, ಒಂದು ತಿಂಗಳು ಕೊಡಿ, ಕೋಡ್ ಹೋಲಿಸಿ ನೋಡ್ತೀನಿ" ಅಂದೆ. ಪಕ್ಕದ ಸೀಟಿನವನು ನಕ್ಕ. "ಲೇ, ಪರ್ಲ್ ಸ್ಕ್ರಿಪ್ಟ್ ಹಿಡ್ಕೊಂಡು ಕೋರ್ಟಿಗೆ ಹೋಗ್ತೀಯಾ?"

ಹಳೇ ಯುನಿಕ್ಸ್ ಸಿಗುವುದು ಕಷ್ಟವಿರಲಿಲ್ಲ. ಏಳನೇ ಆವೃತ್ತಿ ಮತ್ತು 32ವಿ ಎರಡನ್ನೂ 2002ರಲ್ಲಿ ಮುಕ್ತವಾಗಿ ಬಿಟ್ಟಿದ್ದು ಕಾಲ್ಡೆರಾ. ಅದೇ ಕಾಲ್ಡೆರಾ ಆಮೇಲೆ ಹೆಸರು ಬದಲಿಸಿ ಎಸ್‌ಸಿಓ ಆಗಿದ್ದು! ಇನ್ನೊಂದು ಕಡೆ ಲಿನಕ್ಸ್‌ನ ತಿರುಳು, 2.4 ಕರ್ನಲ್.

ಕಡತಗಳನ್ನು ಸಾಲು ಸಾಲಾಗಿ ಹೋಲಿಸುವ ಡಿಫ್ ಒಂದೇ ಪ್ರಯೋಜನಕ್ಕೆ ಬರಲಿಲ್ಲ. ಐದೈದು ಸಾಲಿನ ತುಂಡು ಮಾಡಿ, ಹೋಲಿಸಲು ಪ್ರತಿ ತುಂಡಿಗೂ ಬೆರಳಚ್ಚಿನಂಥ ಎಂಡಿ5 ಸಂಖ್ಯೆ ಹಾಕಿದೆ. ಮೊದಲ ರಾತ್ರಿ 256 ಎಂಬಿ ರ‍್ಯಾಮ್ ತುಂಬಿ ಮಶಿನ್ ಮಲಗಿತು. ಎರಡನೇ ಸಲ ಸಾವಿರಾರು ಹೊಂದಿಕೆ ಬಂದವು. ನೋಡಿದರೆ ಅರ್ಧಕ್ಕರ್ಧ ಆವರಣ ಚಿಹ್ನೆಗಳು, ಉಳಿದದ್ದು ಎರ್ನೋ ಅನ್ನುವ ದೋಷಸಂಖ್ಯೆಗಳ ಪಟ್ಟಿ. ಯಾವ ಸಾಲು ಎಣಿಸಬೇಕು, ಯಾವುದನ್ನು ಬಿಸಾಕಬೇಕು ಅನ್ನುವುದಕ್ಕೇ ಎರಡು ವಾರ ಹಿಡಿಯಿತು. ಆ ಪಟ್ಟಿ ಮಾತ್ರ ಇಲ್ಲಿ ಕೊಡಲ್ಲ, ಬೇಜಾರು ಮಾಡ್ಕೋಬೇಡಿ.

ಸ್ಕ್ರಿಪ್ಟ್ ಸರಿಯಿದೆಯಾ ಅಂತ ನೋಡಲು ಒಂದು ಪರೀಕ್ಷೆ ಇತ್ತು. ಆಗಸ್ಟಿನಲ್ಲೇ ಲಾಸ್ ವೇಗಸ್‌ನಲ್ಲಿ ಎಸ್‌ಸಿಓ ಸ್ಲೈಡ್ ಹಾಕಿ ಕದ್ದ ಕೋಡ್ ಅಂತ ತೋರಿಸಿತ್ತು. ಕಾಮೆಂಟುಗಳನ್ನು (ಕೋಡ್ ನಡುವೆ ಬರೆಯುವ ಟಿಪ್ಪಣಿ) ಗ್ರೀಕ್ ಅಕ್ಷರದಲ್ಲಿ ಮರೆಮಾಡಿದ್ದರೂ ಜನ ಬೇಗ ಓದಿಬಿಟ್ಟರು. ಅದು ಎಸ್‌ಜಿಐ ಕಂಪನಿ ಲಿನಕ್ಸ್‌ಗೆ ಸೇರಿಸಿದ್ದ ಎಟಿಇ_ಯುಟಿಲ್ಸ್ ಕಡತ. ಮೂಲ ಎಪ್ಪತ್ತರ ದಶಕದ ಯುನಿಕ್ಸ್‌ನ ಮಾಲಕ್, ಅಂದರೆ ಮೆಮೊರಿ ಹಂಚುವ ಕೋಡ್. ನನ್ನ ಸ್ಕ್ರಿಪ್ಟಿಗೆ ಅದೇ ಸಿಗಲಿಲ್ಲ! ಮೂರು ದಿನ ತಲೆ ಕೆಡಿಸಿಕೊಂಡೆ. ತಪ್ಪು ನನ್ನದೇ. ಎಲ್ಲರೂ ಹೇಳಿದ್ದರು ಅಂತ ಕಾಮೆಂಟ್ ಕಿತ್ತು ಹೋಲಿಸುತ್ತಿದ್ದೆ. ಆ ಕಡತದಲ್ಲಿ ಕೋಡ್ ತಿದ್ದಿದ್ದರು, ಕಾಮೆಂಟ್ ಹೆಚ್ಚುಕಮ್ಮಿ ಹಾಗೇ ಉಳಿದಿತ್ತು. ಕಾಮೆಂಟ್ ವಾಪಸ್ ಹಾಕಿದೆ, ಮೊದಲ ಪುಟದಲ್ಲೇ ಬಂತು. ಬೇರೆಯವರು ಸ್ಲೈಡ್ ನೋಡಿ ಹುಡುಕಿದ್ದರು. ನನ್ನ ಸ್ಕ್ರಿಪ್ಟಿಗೆ ಎಲ್ಲಿ ನೋಡಬೇಕು ಅಂತ ಯಾರೂ ಹೇಳಿರಲಿಲ್ಲ.

ಮಜಾ ಏನಂದರೆ ಆ ಕಡತ ಐಎ64 ಅನ್ನುವ ಬೇರೆ ಬಗೆಯ 64 ಬಿಟ್ ಚಿಪ್‌ನದು. ನಮ್ಮ ಇಂಟೆಲ್ 32 ಬಿಟ್ ಡಬ್ಬಿಗಳಲ್ಲಿ ಅದು ಕಂಪೈಲೇ ಆಗುವುದಿಲ್ಲ. ನಮ್ಮ ಕಾನ್ಫಿಗ್ ಪ್ರಕಾರ ಬಿಲ್ಡ್ ಆಗುವ ಕಡತಗಳನ್ನಷ್ಟೇ ಮತ್ತೆ ಓಡಿಸಿದೆ. ಹೇಳಿಕೊಳ್ಳುವಂಥದ್ದು ಏನೂ ಬರಲಿಲ್ಲ.

ನಡುವೆ ಸುಮ್ನೆ ನಮ್ಮ ಸ್ವಂತ ಪ್ರಾಡಕ್ಟ್ ಮೇಲೂ ಓಡಿಸಿದೆ. ಜಿಪಿಎಲ್ (ಬಳಸಿದರೆ ನಮ್ಮ ಕೋಡನ್ನೂ ತೆರೆದಿಡಬೇಕಾದ ಲೈಸೆನ್ಸ್) ಅಡಿಯ ಒಂದು ಲೈಬ್ರರಿಯಿಂದ ಎತ್ತಿದ ನಾನೂರು ಸಾಲು ಸಿಕ್ಕವು. ಯಾರದೆಂದು ಹೇಳಲ್ಲ. ಗಪ್‌ಚುಪ್ ಆಗಿ ಹೊಸದಾಗಿ ಬರೆಸಿದೆವು.

ಬಾಸ್ ಒಂದೇ ಪ್ರಶ್ನೆ ಕೇಳಿದರು: "ಸಿಸ್ಟಂ ಫೈವ್ ಸೋರ್ಸ್ ನಿನ್ನ ಹತ್ರ ಇದೆಯೇನಪ್ಪಾ?" ಇರಲಿಲ್ಲ. ಅದು ಆಮೇಲಿನ ಯುನಿಕ್ಸ್, ಮುಕ್ತವಾಗಿ ಬಿಟ್ಟಿರಲಿಲ್ಲ. ಅಲ್ಲಿ ನನ್ನ ಸ್ಕ್ರಿಪ್ಟ್ ಕುರುಡು. ಅದಕ್ಕೇ ಇನ್ನೊಂದು ಕಾಗದ ಇಟ್ಟುಕೊಂಡಿದ್ದೆ. 1995ರಲ್ಲಿ ಯುನಿಕ್ಸ್ ವ್ಯವಹಾರ ಮಾರಿದಾಗ ಕಾಪಿರೈಟ್ ಕೊಟ್ಟೇ ಇಲ್ಲ ಅಂತ, ಅದನ್ನು ಮಾರಿದ್ದ ನೊವೆಲ್ ಕಂಪನಿ ಆ ಮೇ ತಿಂಗಳಲ್ಲೇ ಬಹಿರಂಗವಾಗಿ ಹೇಳಿತ್ತು. ಮಾಲೀಕ ಯಾರೆಂದೇ ತೀರ್ಮಾನವಾಗಿಲ್ಲ, ದುಡ್ಡು ಯಾರಿಗೆ ಕೊಡ್ತೀರಿ ಸರ್, ಅಂದೆ. ಚೆಕ್ ಬರೆಯಲಿಲ್ಲ.

2007ರ ಆಗಸ್ಟಿನಲ್ಲಿ ಯೂಟಾದ ನ್ಯಾಯಾಧೀಶ ಡೇಲ್ ಕಿಂಬಾಲ್ ಕಾಪಿರೈಟ್ ನೊವೆಲ್‌ದು ಅಂದರು. ಮುಂದಿನ ತಿಂಗಳೇ ಎಸ್‌ಸಿಓ ದಿವಾಳಿ ಅರ್ಜಿ ಹಾಕಿತು. ಮೇಲ್ಮನವಿಯಲ್ಲಿ ಆ ತೀರ್ಪು ಬಿತ್ತು, ಆದರೆ 2010ರಲ್ಲಿ ಜ್ಯೂರಿಯೂ ನೊವೆಲ್ ಕಡೆಗೇ ಹೇಳಿತು. ಐಬಿಎಂ ಕೇಸು ಎಳೆದು ಎಳೆದು 2021ರಲ್ಲಿ 14.25 ಮಿಲಿಯನ್ ಡಾಲರ್ ರಾಜಿಯಲ್ಲಿ ಮುಗಿಯಿತು. ಶತಕೋಟಿಗಟ್ಟಲೆ ಕೇಳಿದವರಿಗೆ ಅಷ್ಟೇ!

ಅಂದಹಾಗೆ, ಕಂಪನಿಗೆ ಏಳೂಮುಕ್ಕಾಲು ಲಕ್ಷ ಉಳಿಸಿದ್ದಕ್ಕೆ ನನಗೆ ಸಿಕ್ಕಿದ್ದು ಇನ್ನೊಂದು 256 ಎಂಬಿ ರ‍್ಯಾಮ್. ಅದನ್ನೂ ಎರಡು ಸಲ ಕೇಳಿದ ಮೇಲೆ.